ಪುಟ ಅರವತ್ತೆರಡರ ಬಸವನಹುಳು

೯ ಜೂನ್

ದೊಡ್ಡಪ್ಪನಿಗೆ ಮಗಳ ನಮಸ್ಕಾರ.

ಬೇರೆಯವರ ಬಾಯಿಂದ ಕೇಳಿ ನೀವು ನೊಂದುಕೊಳ್ಳುವ ಮೊದಲು ನಾನೇ ಬರೆದುಬಿಡುತ್ತೇನೆ. ಯಾಕಮ್ಮನನ್ನು ಶಾಲೆಯಿಂದ ಬಿಡಿಸಿದ್ದೇನೆ. ಹತ್ತೊಂಬತ್ತು ದಿನಗಳಾದವು. ಇನ್ನು ಅವಳಿಗೆ ಮನೆಯೇ ಶಾಲೆ, ನಾನೇ ಗುರು. ಬಟ್ಟೆ ಹೊಲಿಯುವವಳ ಕೈಗೆ ಮಗುವಿನ ವಿದ್ಯೆಯೇ ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಮಾತೆತ್ತಿದರೆ ‘ಯಾಕಮ್ಮಾ’ ಎನ್ನುವ ಚಟಕ್ಕೆ ಅವಳಿಗೆ ಆ ಅಡ್ಡಹೆಸರನ್ನು ಇಟ್ಟವರು ನೀವೇ. ತರಗತಿಯ ಮೇಡಂ ಆ ಚಟಕ್ಕೊಂದು ಮದ್ದು ಕಂಡುಹಿಡಿದರು. ದಿನಕ್ಕೆ ಒಂದೇ ಪ್ರಶ್ನೆ. ಎರಡನೆಯದಕ್ಕೆ ಬಾಯಿ ತೆರೆದರೆ ಇಡೀ ತರಗತಿ ಒಟ್ಟಾಗಿ ‘ಸಾಕಮ್ಮಾ’ ಎಂದು ಕೂಗಬೇಕು. ನಲವತ್ತು ಮಕ್ಕಳು ಕೂಗಿದರು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಅವಳು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಒಂಬತ್ತು ವರ್ಷದ ಮಗು ತಟ್ಟೆಯನ್ನೇ ನೋಡುತ್ತ ಉಂಡು ಏಳುತ್ತಿದ್ದಳು. ಸೇತುವೆಯ ಕೆಲಸದ ಮೇಲೆ ದೂರದಲ್ಲಿರುವ ಅವಳ ಅಪ್ಪ ಫೋನಿನಲ್ಲಿ, “ಅವಳು ಮೊದಲಿನ ಹಾಗೆ ನಮ್ಮ ಪ್ರಾಣ ತಿನ್ನೋ ಹಾಗಾದ್ರೆ ಸಾಕು ಕಣೇ, ಏನು ಬೇಕಾದ್ರೂ ಮಾಡು,” ಎಂದರು. ಮಾಡಿದೆ.

ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂರುವ ಮೊದಲು ಎರಡು ಗಂಟೆ ನಮ್ಮ ನಡಿಗೆ. ಹಿತ್ತಿಲ ಬಾಗಿಲಿನಿಂದ ಹೊರಟು, ರೈಲು ಹಳಿಯ ಕೆಳಗಿನ ಮೋರಿಯನ್ನು ದಾಟಿ, ಮುಚ್ಚಿಹೋದ ಗಿರಣಿಯ ಹಿಂಗೋಡೆಯವರೆಗೆ. ಕಂಡದ್ದನ್ನು ಬರೆಯುವುದಕ್ಕೆ ಒಂದು ‘ನಡಿಗೆ ಪುಸ್ತಕ’. ಮೊದಲ ವಾರ ಅವಳು ನನ್ನ ಹಿಂದೆ ಸುಮ್ಮನೆ ನಡೆದಳು. ಎಂಟನೆಯ ದಿನ ಇರುವೆಗಳ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತವಳು ತಲೆಯೆತ್ತದೆ, “ಅಮ್ಮಾ, ಎದುರಿಗೆ ಬಂದ ಇರುವೆ ಹತ್ರ ಇವು ನಿಂತ್ಕೊಂಡು ಏನ್ ಹೇಳ್ತವೆ?” ಎಂದಳು. ನಾನು ತೋಳಿನಿಂದ ಮುಖ ಒರೆಸಿಕೊಂಡೆ. ಯಾಕೆಂದು ಕೇಳಿದಳು. ಬೆವರು ಎಂದೆ.

ಈಗ ನಿಮ್ಮ ಕೆಲಸ. ಓದಿ ತಿಳಿದ ಹಿರಿಯರೊಬ್ಬರು ಮಗುವಿನ ಬರವಣಿಗೆಯನ್ನು ತಿಂಗಳಿಗೊಮ್ಮೆ ತಿದ್ದಿ ಸಹಿ ಹಾಕಿರಬೇಕೆಂದು ಮನೆಯ ಕಲಿಕೆಗೆ ಶಿಕ್ಷಣ ಇಲಾಖೆಯ ಷರತ್ತು. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕಲ್ಲಚ್ಚಿನ ಚಿತ್ರಗಾರರಾಗಿ, ಶಾಲಾಪುಸ್ತಕಗಳ ಕರಡನ್ನೂ ತಿದ್ದಿದ ನಿಮಗಿಂತ ಬೇರೆ ಯಾರಿದ್ದಾರೆ? ಮೂರು ಪುಟಗಳನ್ನು ಇಟ್ಟಿದ್ದೇನೆ. ಬೈಯುವುದನ್ನೆಲ್ಲ ನನಗೆ ಬೈಯಿರಿ. ಪುಟಗಳಿಗೆ ಸಹಿ ಹಾಕಿ.

ನಿಮ್ಮ ಮಗಳು


೨೦ ಜೂನ್

ಮಗಳೇ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ಕೋಪದಿಂದ, ಎರಡನೆಯ ಸಲ ತಪ್ಪು ಹುಡುಕುವುದಕ್ಕೆ. ದೂರವಾಣಿಯಲ್ಲಿ ಕೂಗಿ ಹೇಳಬಹುದಿತ್ತು. ಆದರೆ ಆಡಿದ ಮಾತಿನ ಕರಡನ್ನು ತಿದ್ದಲಾಗದಾದುದರಿಂದ ಆ ಯಂತ್ರವನ್ನು ನಾನು ಮುಟ್ಟುವುದಿಲ್ಲವೆಂಬುದನ್ನು ನೀನು ಬಲ್ಲೆ.

ನೀನು ಮಾಡಿದ್ದು ದುಡುಕು. ಮೇಡಂ ಕೆಟ್ಟವಳಾಗಿದ್ದರೆ ತರಗತಿಯನ್ನು ಬದಲಿಸಬೇಕಿತ್ತು, ಶಾಲೆಯನ್ನೇ ಕೈಬಿಡುವುದಲ್ಲ. ತಂದೆತಾಯಿಯಿಲ್ಲದ ನಿನ್ನನ್ನು ಐದನೆಯ ವಯಸ್ಸಿನಿಂದ ಸಾಕಿದ ನಾನು ಒಂದು ದಿನವಾದರೂ ನಿನ್ನ ಶಾಲೆಯನ್ನು ತಪ್ಪಿಸಿದ್ದೆನೇ? ಕಲಿಕೆಗೆ ಒಂದು ಕ್ರಮವಿರಬೇಕು. ಗಿರಣಿಯ ಗೋಡೆಯ ಮೇಲೆ ಏನು ಹರಿದಾಡುತ್ತದೆಯೋ ಅದೇ ಅಂದಿನ ಪಾಠವೆಂದರೆ, ಮೋಡ ಕವಿದ ದಿನ ವಿದ್ಯೆಗೂ ರಜವೇ?

ಆದರೂ ಪುಟಗಳನ್ನು ತಿದ್ದಿದ್ದೇನೆ. ಇರುವೆಯ ಪುಟಕ್ಕೆ ಸಹಿ ಹಾಕಿದ್ದೇನೆ; ಕಾಲುಗಳನ್ನು ಎಣಿಸಿ ಬರೆದಿದ್ದಾಳೆ, ಮೆಚ್ಚಿದೆ. ಎಲೆಗಳ ಪುಟಕ್ಕೂ ಸಹಿಯಿದೆ. ಬಸವನಹುಳುವಿನ ಪುಟಕ್ಕೆ ಮಾತ್ರ ಇಲ್ಲ; ಅಲ್ಲಿ ಕೆಂಪು ಗೆರೆಯೆಳೆದು ‘ತಪ್ಪು’ ಎಂದು ಬರೆದಿದ್ದೇನೆ. ಚಿಪ್ಪಿನ ತುದಿ ಮೇಲಕ್ಕೂ ಬಾಯಿ ನಮ್ಮತ್ತಲೂ ಇರುವಂತೆ ಹಿಡಿದರೆ, ಬಾಯಿ ಎಡಗಡೆಗೆ ತೆರೆದಿರಬೇಕು. ಮಗು ಬಲಗಡೆಗೆ ಬರೆದಿದ್ದಾಳೆ. ನಾಲ್ಕನೆಯ ತರಗತಿಯ ಪರಿಸರಪಾಠದ ಅರವತ್ತೆರಡನೆಯ ಪುಟವನ್ನು ನೋಡಿ ತಿದ್ದಿ ಬರೆಯಲಿ.

ದೊಡ್ಡಪ್ಪ


೨ ಜುಲೈ

ದೊಡ್ಡಪ್ಪನಿಗೆ,

ಬೈಗುಳ ತಲುಪಿತು, ಎರಡು ಸಹಿಗಳೂ ತಲುಪಿದವು. ಎರಡಕ್ಕೂ ಋಣಿ. ಬಸವನಹುಳುವಿನ ವಿಷಯದಲ್ಲಿ ಮಾತ್ರ ನಿಮ್ಮ ಮೊಮ್ಮಗಳು ತಕರಾರು ತೆಗೆದಿದ್ದಾಳೆ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

“ದೊಡ್ಡಜ್ಜ ಈ ಹುಳಾನ ನೋಡಿದಾರಾ?”

“ಇಲ್ಲ ಕಣೇ. ಅವ್ರು ಅಲ್ಲಿದಾರೆ, ಹುಳ ಇಲ್ಲಿದೆ.”

“ಮತ್ತೆ ತಪ್ಪು ಅಂತ ಹೇಗೆ ಗೊತ್ತು?”

“ಪುಸ್ತಕದಲ್ಲಿ ಹಾಗಿದೆ.”

“ಪುಸ್ತಕದಲ್ಲಿ ಬರೆದವ್ರು ನೋಡಿದ್ರಾ?”

ಹೋಗಿ ನೋಡೋಣ ಎಂದೆ. ಮರುದಿನ ಮಳೆ ಹನಿದು ನಿಂತಿತ್ತು. ಗಿರಣಿಯ ಗೋಡೆಯ ತುಂಬ ಹುಳುಗಳು. ಒಂದೊಂದನ್ನೇ ಮೆಲ್ಲಗೆ ಬಿಡಿಸಿ, ತುದಿ ಮೇಲೆ ಮಾಡಿ ನೋಡಿ, ತೆಗೆದ ಜಾಗದಲ್ಲೇ ಮತ್ತೆ ಅಂಟಿಸುತ್ತ ಹೋದಳು. ನಲವತ್ತೊಂದು ಹುಳುಗಳು, ದೊಡ್ಡಪ್ಪ. ನಲವತ್ತೊಂದಕ್ಕೂ ಬಾಯಿ ಬಲಕ್ಕೆ. ನಾನೂ ನೋಡಿದೆ. “ದೊಡ್ಡಜ್ಜ ಬೇಕಾದ್ರೆ ಹುಳಗಳಿಗೆ ಕಾಗದ ಬರೆದು ಬೈಯ್ಲಿ, ನಾನು ತಿದ್ದಲ್ಲ,” ಎನ್ನುತ್ತಾಳೆ.

ಮೋಡ ಕವಿದ ದಿನದ ಬಗೆಗೆ ಕೇಳಿದ್ದಿರಿ. ಅಂಥ ದಿನ ರೈಲ್ವೆ ಗೇಟಿನ ಚಾವಣಿಯ ಕೆಳಗೆ ನಿಲ್ಲುತ್ತೇವೆ. ಗೇಟು ಕಾಯುವವನು ಮೊದಲ ದಿನ, “ಏನ್ ಪುಟ್ಟೀ, ಸ್ಕೂಲಿಗೆ ಚಕ್ಕರ್ರಾ?” ಎಂದು ಹಲ್ಲು ಕಿರಿದ. “ಇದೇ ಸ್ಕೂಲು. ರೈಲು ಎಷ್ಟು ದೂರ ಇರೋವಾಗ ಗೇಟ್ ಹಾಕ್ತೀರಿ? ಕಾಣದೇ ಇರೋ ರೈಲು ಬರ್ತಿದೆ ಅಂತ ನಿಮ್ಗೆ ಯಾರು ಹೇಳ್ತಾರೆ?” ಎಂದಳು. ಪಾಪ, ಅರ್ಧ ಗಂಟೆ ಪಾಠ ಒಪ್ಪಿಸಿದ. “ನನ್ನ ಹೆಂಡ್ತೀನೂ ಇಷ್ಟು ವಿಚಾರಿಸ್ಕೊಂಡಿಲ್ಲ ಕಣಮ್ಮಾ,” ಎಂದು ನನ್ನತ್ತ ನೋಡಿದ.

ಇಲಾಖೆಯ ಪರಿವೀಕ್ಷಕಿ ಇದೇ ಇಪ್ಪತ್ತೆಂಟಕ್ಕೆ ಬರುತ್ತಾರೆ. ಅವರು ಒಪ್ಪಿದರೆ ಮನೆಯ ಕಲಿಕೆ ಮುಂದುವರಿಯುತ್ತದೆ. ಒಪ್ಪದಿದ್ದರೆ ಅದೇ ಶಾಲೆ, ಅದೇ ತರಗತಿ. ಆ ಪುಟವನ್ನು ಮತ್ತೆ ಇಟ್ಟಿದ್ದೇನೆ. ನಲವತ್ತೊಂದು ಸಾಕ್ಷಿಗಳಿವೆ, ಸಹಿ ಹಾಕಿ ಕಳುಹಿಸಿ.

ನಿಮ್ಮ ಮಗಳು


೧೧ ಜುಲೈ

ಮಗಳೇ,

ಮಗುವಿನ ಅಕ್ಷರ ದುಂಡಗಾಗುತ್ತಿದೆ, ಸಂತೋಷ. ಆದರೆ ಪುಟದ ಎಡಗಡೆ ಎರಡು ಬೆರಳಿನಷ್ಟು ಅಂಚು ಬಿಡುವ ಅಭ್ಯಾಸವಿಲ್ಲ. ಅಂಚಿಲ್ಲದ ಪುಟ ಗೋಡೆಯಿಲ್ಲದ ಮನೆಯಂತೆ. ಸಾಲುಗಳು ಬಲಕ್ಕೆ ಹೋಗುತ್ತ ಮೇಲೇರುತ್ತಿವೆ. ಕಾಗದದ ಕೆಳಗೆ ಗೆರೆಯೆಳೆದ ಹಾಳೆಯನ್ನಿಟ್ಟು ಬರೆಸು. ಶಾಯಿ ಒಣಗುವ ಮುನ್ನ ಪುಟ ಮಡಚಿದ್ದರಿಂದ ಎರಡು ಕಡೆ ಕಲೆಯಾಗಿದೆ. ಇಂಥ ಸಣ್ಣ ವಿಷಯಗಳಲ್ಲೇ ಶಿಸ್ತು ಇರುವುದು.

ಪುಟ ಅರವತ್ತೆರಡರ ಮಾತು ಬಿಡು. ಒಂದು ಹುಳು ತಾನೆ? ಪರಿವೀಕ್ಷಕಿ ಬಂದ ದಿನ ಪುಸ್ತಕದಲ್ಲಿರುವಂತೆ ಬರೆದುಬಿಡಲಿ. ಆಮೇಲೆ ಗೋಡೆಯ ಮೇಲಿನದನ್ನು ಹೇಗೆ ಬೇಕಾದರೂ ನೋಡಿಕೊಳ್ಳಲಿ. ಆ ಪುಟವನ್ನು ಹಾಗೆಯೇ ಹಿಂದಿರುಗಿಸಿದ್ದೇನೆ.

ದೊಡ್ಡಪ್ಪ

ಅಡಿಯಲ್ಲಿ ದೊಡ್ಡಮ್ಮ ಬರೆಯೋದು: ಏನು ಬರೆದೆಯೇ ಇವರಿಗೆ? ನಿನ್ನ ಕಾಗದ ಬಂದಾಗಿನಿಂದ ದಿನಕ್ಕೆ ನಾಲ್ಕು ಸಲ ಅಡುಗೆಮನೆಗೆ ಬಂದು ನೀರಿನ ಕೊಡದ ಹತ್ರ ನಿಂತ್ಕೋತಾರೆ, ನೀರು ಮಾತ್ರ ಕುಡಿಯಲ್ಲ. ಕೇಳಿದ್ರೆ ಸಿಡುಕ್ತಾರೆ. ಮಗೂಗೆ ನನ್ನ ಮುತ್ತು ಕೊಡು.


೩೦ ಜುಲೈ

ದೊಡ್ಡಪ್ಪನಿಗೆ,

ಪರಿವೀಕ್ಷಕಿ ಬಂದುಹೋದರು. ಕೆಟ್ಟವರಲ್ಲ. ಕತ್ತರಿಸಿದ ಬಟ್ಟೆಗಳನ್ನು ಸರಿಸಿ ಅವರಿಗೆ ಜಾಗ ಮಾಡಿಕೊಟ್ಟೆ. ಮಗು ಲೆಕ್ಕ ಮಾಡಿದಳು, ಓದಿದಳು, ಇರುವೆಯ ಬಗೆಗೆ ಅವರನ್ನೇ ಎರಡು ಪ್ರಶ್ನೆ ಕೇಳಿದಳು. ಅವರು ನಕ್ಕರು. ನನ್ನ ಎದೆ ಹಗುರಾಯಿತು. ಆಮೇಲೆ ಬಸವನಹುಳುವಿನ ಚಿತ್ರ ಬರೆಯಲು ಹೇಳಿದರು.

ಪುಸ್ತಕದಲ್ಲಿರುವಂತೆ ಬರೆ ಎಂದು ನಾನು ಅವಳಿಗೆ ಹೇಳಿರಲಿಲ್ಲ, ದೊಡ್ಡಪ್ಪ. ನಿಮ್ಮ ಮಾತನ್ನು ಮೀರಿದೆ, ಬೇಕೆಂದೇ ಮೀರಿದೆ.

“ಬಾಯಿ ಆ ಕಡೆ ಬರಬೇಕಲ್ವಾ ಮರಿ?” ಎಂದರು.

“ಇಲ್ಲ ಮೇಡಂ. ಈ ಕಡೆ. ನಲವತ್ತೊಂದು ನೋಡಿದೀನಿ.”

“ಪುಸ್ತಕ ನೋಡಿದೀಯಾ?”

“ನೋಡಿದೀನಿ. ಅದು ತಪ್ಪಿದೆ.”

ಅವರು ನಡಿಗೆ ಪುಸ್ತಕವನ್ನು ತಿರುವಿದರು. ಆ ಪುಟ ಸಿಕ್ಕಿತು. “ನಿಮ್ಮ ದೊಡ್ಡಪ್ಪನೇ ತಪ್ಪು ಅಂತ ಕೆಂಪಲ್ಲಿ ಬರ್ದಿದಾರಲ್ಲಮ್ಮಾ,” ಎಂದು ನನ್ನ ಮುಂದೆ ಹಿಡಿದರು. “ನನ್ನ ಉತ್ತರಪಟ್ಟೀಲೂ ಎಡ ಅಂತಿದೆ. ತಿದ್ದಿದ್ರೂ ತಿದ್ದಿಕೊಳ್ಳದ ಮಗು ಅಂತ ಬರೀದೆ ನಾನಿನ್ನೇನು ಬರೀಲಿ? ಒಂದು ತಿಂಗಳು ಕೊಡ್ತೀನಿ. ಆಗಸ್ಟ್ ಮೂವತ್ತೊಂದಕ್ಕೆ ಮತ್ತೆ ಬರ್ತೀನಿ. ಆಗ್ಲೂ ಹೀಗೇ ಅಂದ್ರೆ ಸೆಪ್ಟೆಂಬರ್ ಒಂದರಿಂದ ಶಾಲೆಗೆ ಕಳಿಸ್ಬೇಕಾಗತ್ತೆ.”

ಅವರು ಹೋದ ಮೇಲೆ ಮಗು ಕೆಂಪು ಗೆರೆಯ ಮೇಲೆ ಬೆರಳಾಡಿಸಿದಳು. ಇಂದಿಗೆ ಎರಡು ದಿನ, ಬಾಯಿ ಬಿಟ್ಟಿಲ್ಲ. ನಿನ್ನೆ ನಡಿಗೆಗೆ ಬಂದಳು, ಗೋಡೆಯತ್ತ ನೋಡಲಿಲ್ಲ.

ನಲವತ್ತು ಮಕ್ಕಳು ‘ಸಾಕಮ್ಮಾ’ ಎಂದು ಕೂಗಿ ಮಾಡಿದ್ದನ್ನು ನೀವು ಒಂದೇ ಗೆರೆಯಲ್ಲಿ ಮಾಡಿದಿರಿ. ಪುಸ್ತಕದ ಮೇಲೆ ನಿಮಗಿರುವ ಭಕ್ತಿಯನ್ನು ನಾನು ಬಲ್ಲೆ. ಬಾಲ್ಯವೆಲ್ಲ ಅದರ ನೆರಳಲ್ಲೇ ಕಳೆದವಳು. ಆದರೆ ಈ ಮಗುವಿನ ಕಣ್ಣನ್ನು ಆ ಭಕ್ತಿಗೆ ಒಪ್ಪಿಸಲಾರೆ. ಮೂವತ್ತೊಂದಕ್ಕೂ ಅವಳು ಬಲಕ್ಕೇ ಬರೆಯುತ್ತಾಳೆ. ಶಾಲೆಗೆ ಎಳೆದೊಯ್ಯಲು ಯಾರು ಬರುತ್ತಾರೋ ಬರಲಿ, ಬಾಗಿಲಲ್ಲಿ ನಾನಿರುತ್ತೇನೆ.

ಇನ್ನು ಪುಟಗಳನ್ನು ಕಳುಹಿಸುವುದಿಲ್ಲ. ನಿಮ್ಮ ಕಣ್ಣಿಗೆ ಆಯಾಸ ಬೇಡ.


೬ ಆಗಸ್ಟ್

ಮಗಳೇ,

ಮಗು ಮಾತನಾಡಿದಳೇ? ಅಷ್ಟನ್ನು ತಿಳಿಸು.

ದೊಡ್ಡಪ್ಪ


೧೮ ಆಗಸ್ಟ್

ದೊಡ್ಡಪ್ಪನಿಗೆ,

ಬರೆಯಬಾರದೆಂದಿದ್ದೆ. ಆದರೆ ಇಂದು ನನ್ನ ಕೈಯಿಂದ ಒಂದು ಅಚಾತುರ್ಯವಾಯಿತು. ಅದನ್ನು ನಿಮಗಲ್ಲದೆ ಇನ್ನಾರಿಗೂ ಹೇಳಲಾರೆ.

ಆಸ್ಪತ್ರೆಯ ದಾದಿಯೊಬ್ಬಳ ಕೋಟಿಗೆ ಬಟ್ಟೆ ಕತ್ತರಿಸುತ್ತಿದ್ದೆ; ಒಂದು ಮೈ ಹೊಳಪು, ಒಂದು ಮೈ ಮಂಕು. ತೋಳಿನ ಕಾಗದದ ಅಚ್ಚನ್ನಿಟ್ಟು ಒಂದು ತೋಳು ಕತ್ತರಿಸಿದೆ. ಎರಡನೆಯದಕ್ಕೆ ಆ ಅಚ್ಚನ್ನು ಮಗುಚಿ ಇಡಬೇಕು. ಕಲಿಯಲು ಕೂತ ಮೊದಲ ವಾರವೇ ಹೇಳಿಕೊಡುವ ಪಾಠ. ಮನಸ್ಸು ಮೂವತ್ತೊಂದನೆಯ ತಾರೀಖಿನಲ್ಲಿತ್ತು, ಮಗುಚದೆ ಇಟ್ಟೆ. ಎರಡೂ ಎಡಗೈ ತೋಳುಗಳಾದವು.

ಮಗು ಅವೆರಡನ್ನೂ ಎತ್ತಿಕೊಂಡು ನೋಡಿದಳು. ಇಪ್ಪತ್ತೊಂದು ದಿನಗಳಿಂದ ಹೂಂ, ಉಹುಂ ಬಿಟ್ಟು ಬೇರೆ ಮಾತಾಡದವಳು, “ಅಮ್ಮಾ, ಪುಸ್ತಕದ ಹುಳಾನೂ ಯಾರೋ ಮಗುಚೋಕೆ ಮರೆತಿರ್ಬೇಕು ಅಲ್ವಾ?” ಎಂದಳು.

ಕತ್ತರಿ ಕೆಳಗಿಟ್ಟೆ. ನಾನು ಬೆಳೆದದ್ದು ನಿಮ್ಮ ಮುದ್ರಣಾಲಯದ ಮೇಲಿನ ಮನೆಯಲ್ಲಿ. ಕಲ್ಲಿನ ಮೇಲೆ ನೀವು ಎಲ್ಲವನ್ನೂ ತಿರುಗಾಮುರುಗಾ ಬರೆಯುತ್ತಿದ್ದುದನ್ನು, ಕಾಗದವನ್ನು ಒತ್ತಿ ಎತ್ತಿದಾಗ ಅದು ನೆಟ್ಟಗಾಗುತ್ತಿದ್ದುದನ್ನು ಕಣ್ಣಾರೆ ನೋಡಿದವಳು. ತಿರುಗಿಸದೆ ಬರೆದರೆ ಅಚ್ಚಿನಲ್ಲಿ ಬಲ ಎಡವಾಗುತ್ತದೆ.

ಒಂದೇ ಪ್ರಶ್ನೆ ಕೇಳುತ್ತೇನೆ. ಎರಡನೆಯದಕ್ಕೆ ಯಾರೂ ಕೂಗಬೇಕಾಗಿಲ್ಲ. ಪುಟ ಅರವತ್ತೆರಡರ ಚಿತ್ರ ಯಾರದು?

ಕೆಂಪು ಗೆರೆಯ ಪುಟವನ್ನು ಮತ್ತೆ ಇಟ್ಟಿದ್ದೇನೆ.


೨೩ ಆಗಸ್ಟ್

ಮಗಳೇ,

ನನ್ನದು.

ಇಪ್ಪತ್ತೇಳು ವರ್ಷಗಳ ಹಿಂದೆ, ಆ ಮುದ್ರಣಾಲಯದ ಕೊನೆಯ ಕಲ್ಲಚ್ಚಿನ ಕೆಲಸಗಳಲ್ಲಿ ಒಂದು. ಅಕ್ಷರವಿರುವ ಚಿತ್ರದಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಅಕ್ಷರಗಳೇ ಕೈಯನ್ನು ಕಾಯುತ್ತಿದ್ದವು. ಬಸವನಹುಳುವಿನ ಚಿತ್ರದಲ್ಲಿ ಅಕ್ಷರವಿರಲಿಲ್ಲ. ಹುಳು ಎದುರಿಗಿತ್ತು, ಬಲು ಚೆಲುವಾಗಿತ್ತು. ಕಂಡಂತೆಯೇ ಬರೆದುಬಿಟ್ಟೆ. ಅರವತ್ತು ಸಾವಿರ ಪ್ರತಿಗಳು ಹೊರಟುಹೋದವು. ಮುಂದೆ ಯಂತ್ರಗಳು ಬದಲಾದರೂ ಅದೇ ಚಿತ್ರದ ಪಡಿಯಚ್ಚನ್ನು ತೆಗೆದು ಇಂದಿಗೂ ಅಚ್ಚು ಹಾಕುತ್ತಿದ್ದಾರೆ. ಒಬ್ಬ ಮೇಷ್ಟರಾಗಲಿ, ಒಬ್ಬ ಅಧಿಕಾರಿಯಾಗಲಿ ಕೇಳಲಿಲ್ಲ.

ಒಬ್ಬಳು ಕೇಳಿದ್ದಳು. ನೀನು ಮರೆತಿದ್ದೀಯೆ, ನಾನು ಮರೆತಿಲ್ಲ. ಆ ಹುಳುವನ್ನು ಬೆಂಕಿಪೊಟ್ಟಣದಲ್ಲಿಟ್ಟು ನನಗೆ ತಂದುಕೊಟ್ಟವಳು ನೀನು. ಆಗ ನಿನಗೆ ಏಳು ವರ್ಷ. ಅಚ್ಚಾದ ಹಾಳೆ ಬಂದ ದಿನ ನನ್ನ ತೊಡೆಗೆ ಒರಗಿ ನಿಂತು, “ದೊಡ್ಡಪ್ಪಾ, ನನ್ನ ಹುಳ ಆ ಕಡೆ ತಿರುಗಿತ್ತು,” ಎಂದೆ. ನೋಡಿದೆ. ನನಗೆ ತಿಳಿಯಿತು. ನನ್ನ ಕೆಲಸದಲ್ಲಿ ತಪ್ಪು ತೋರಿಸಿದವನಿಗೆ ತಿಂಗಳ ಸಂಬಳ ಕೊಡುತ್ತೇನೆಂದು ಊರೆಲ್ಲ ಜಂಬ ಕೊಚ್ಚುತ್ತಿದ್ದವನು ನಾನು. “ನಿನಗೆ ಸರಿಯಾಗಿ ನೆನಪಿಲ್ಲ. ಅಚ್ಚಾದದ್ದು ಸುಳ್ಳಾಗೋದಿಲ್ಲ, ಹೋಗು,” ಎಂದೆ. ನೀನು ಅತ್ತೆ. ಮರುವರ್ಷ ಪರೀಕ್ಷೆಯಲ್ಲಿ ಅದನ್ನು ಎಡಕ್ಕೇ ಬರೆದು ಪೂರ್ಣ ಅಂಕ ತಂದು ನನಗೆ ತೋರಿಸಿದೆ. ಆಮೇಲೆ ನೀನು ನನ್ನನ್ನು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಮೊನ್ನೆ ಹದಿನೆಂಟರಂದು ಕೇಳಿದೆ.

ಇಷ್ಟು ತಿಳಿದೂ ಮಗುವಿನ ಪುಟದ ಮೇಲೆ ಕೆಂಪು ಗೆರೆಯೆಳೆದೆ. ಗೆರೆ ನೆಟ್ಟಗೇ ಬಂತು; ಇಪ್ಪತ್ತೇಳು ವರ್ಷಗಳ ಅಭ್ಯಾಸ. ನೀನು ಅದನ್ನು ಪುಸ್ತಕಭಕ್ತಿಯೆಂದು ತಿಳಿದೆ. ಅಲ್ಲ, ಮಗಳೇ. ಅದು ಶುದ್ಧ ಹೇಡಿತನ.

ಆ ಕಲ್ಲು ನನ್ನಲ್ಲಿದೆ. ಬೇರೆ ಚಿತ್ರಕ್ಕಾಗಿ ಅದನ್ನು ಉಜ್ಜಿ ಅಳಿಸಬೇಕಿತ್ತು. ಸೀಳಿದೆಯೆಂದು ಯಜಮಾನರಿಗೆ ಸುಳ್ಳು ಹೇಳಿ ಮನೆಗೆ ತಂದೆ. ಅಂದಿನಿಂದ ಅಡುಗೆಮನೆಯಲ್ಲಿ ನೀರಿನ ಕೊಡದ ಕೆಳಗೆ ಮುಖ ಕೆಳಗಾಗಿ ಬಿದ್ದಿದೆ. ನಿನ್ನ ದೊಡ್ಡಮ್ಮ ದಿನವೂ ಅದರ ಬೆನ್ನು ತೊಳೆದಿದ್ದಾಳೆ. ನಿನ್ನೆ ಇಬ್ಬರೂ ಸೇರಿ ಮಗುಚಿದೆವು. ಕಲ್ಲಿನ ಮೇಲೆ ಹುಳು ಸರಿಯಾಗಿದೆ. ಬಾಯಿ ಬಲಕ್ಕೆ. ನಿನ್ನ ದೊಡ್ಡಮ್ಮ ಸೆರಗಿನಿಂದ ಅದನ್ನು ಒರೆಸಿ, “ಇಷ್ಟು ಚೆನ್ನಾಗಿರೋದನ್ನ ನೆಲಕ್ಕೆ ಮುಖ ಮಾಡಿ ಮಲಗ್ಸಿದ್ರಲ್ರೀ,” ಎಂದಳು. ಅಷ್ಟೇ ಹೇಳಿದಳು, ಇನ್ನಷ್ಟು ಬೈದಿದ್ದರೆ ಚೆನ್ನಾಗಿತ್ತು.

ಇದರೊಡನೆ ಇಲಾಖೆಗೆ ಬರೆದ ಪತ್ರವಿದೆ. ತಪ್ಪು ನನ್ನದೆಂದು, ಮಗು ಸರಿಯೆಂದು ಬರೆದು ಸಹಿ ಹಾಕಿದ್ದೇನೆ. ‘ನಿರ್ದೋಷ ಚಿತ್ರಗಾರ’ ಎಂದು ಅವರು ಚೌಕಟ್ಟು ಹಾಕಿಸಿ ಕೊಟ್ಟಿದ್ದ ಪ್ರಶಸ್ತಿಪತ್ರವನ್ನು ಗೋಡೆಯಿಂದಿಳಿಸಿ ಇಂದೇ ಅವರಿಗೆ ಹಿಂದಿರುಗಿಸಿದ್ದೇನೆ. ಅವರು ಏನು ಬೇಕಾದರೂ ಅಂದುಕೊಳ್ಳಲಿ. ನನ್ನ ತಪ್ಪಿಗೆ ಹೊಂದುವಂತೆ ಒಂದು ಮಗುವನ್ನು ತಿದ್ದಲು ಬಂದವರು ಮೊದಲು ನನ್ನನ್ನು ದಾಟಿ ಹೋಗಬೇಕು. ಎಪ್ಪತ್ತೆರಡು ವರ್ಷವಾಯಿತು, ಅಡ್ಡ ನಿಲ್ಲುವುದಕ್ಕೆ ವಯಸ್ಸು ಸಾಕಷ್ಟಾಗಿದೆ.

ಪುಟದಲ್ಲಿ ನನ್ನ ತಿದ್ದುಪಡಿಯನ್ನು ಅಳಿಸಿಲ್ಲ. ಅದರ ಮೇಲೆ ಅಡ್ಡಗೆರೆ ಹಾಕಿ, ‘ತಿದ್ದಿದವನು ತಪ್ಪು’ ಎಂದು ಬರೆದು ಸಹಿ ಮಾಡಿದ್ದೇನೆ. ಕಾಣುವಂತೆಯೇ ಇರಲಿ.

ದೊಡ್ಡಪ್ಪ


೨ ಸೆಪ್ಟೆಂಬರ್

ದೊಡ್ಡಪ್ಪನಿಗೆ,

ನಿಮ್ಮ ಮೇಲಿನ ಕೋಪ ಇಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಬೆಂಕಿಪೊಟ್ಟಣವನ್ನು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ. ಅದಕ್ಕೇ ಕೋಪ ಹೆಚ್ಚು. ಆದರೂ ಪತ್ರವನ್ನು ಮೂರು ಸಲ ಓದಿದೆ. ಅಂಥ ಪತ್ರವನ್ನು ಯಾರೂ ನನಗೆ ಇದುವರೆಗೆ ಬರೆದಿಲ್ಲ.

ಪರಿವೀಕ್ಷಕಿ ನಿಮ್ಮ ಕಾಗದವನ್ನು ನಿಂತೇ ಓದಿದರು. ಮಡಚಿದರು, ಮತ್ತೆ ಬಿಡಿಸಿದರು. “ಇದನ್ನ ಮೇಲಿನವ್ರಿಗೆ ಕಳಿಸ್ತೀನಿ. ಆದ್ರೆ ಕಾಗದ ನೋಡಿ ನಾನು ಪಾಸು ಮಾಡಕ್ಕಾಗಲ್ಲ,” ಎಂದರು. ಯಾಕಮ್ಮ ಅವರ ಕೈ ಹಿಡಿದುಕೊಂಡಳು. “ಕಾಗದ ಬೇಡ ಮೇಡಂ, ಗೋಡೆ ನೋಡಿ ಬನ್ನಿ.”

ಬಂದರು! ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ಮೋರಿ ದಾಟಿದರು. ಗೇಟಿನವನು ನಮ್ಮ ಮೆರವಣಿಗೆ ನೋಡಿ, “ಇವತ್ತು ಹೊಸ ಸ್ಟೂಡೆಂಟಾ?” ಎಂದ. ಒಂಬತ್ತು ಹುಳುಗಳನ್ನು ಅವರೇ ಬಿಡಿಸಿ, ಮಗು ಹೇಳಿದಂತೆ ತುದಿ ಮೇಲೆ ಮಾಡಿ ನೋಡಿದರು. ಹತ್ತನೆಯದನ್ನು ಕೈಯಲ್ಲೇ ಹಿಡಿದು, “ಹದಿನಾರು ವರ್ಷದಿಂದ ಎಡ ಬರೆದೋರಿಗೆ ಸರಿ ಹಾಕ್ತಾ ಬಂದಿದೀನಿ ಕಣಮ್ಮಾ,” ಎಂದರು. ಗೋಡೆಗೆ ಒರಗಿ ನಿಂತು ವರದಿ ಬರೆದರು. ಸಾಲನ್ನು ಹಾಗೆಯೇ ನಕಲು ಮಾಡಿದ್ದೇನೆ: ‘ಉತ್ತರವು ಪುಸ್ತಕಕ್ಕೆ ಹೊಂದುವುದಿಲ್ಲ, ಬಸವನಹುಳುವಿಗೆ ಹೊಂದುತ್ತದೆ. ಮನೆಯ ಕಲಿಕೆ ಮುಂದುವರಿಯಬಹುದು.’

ಪುಸ್ತಕ ಬದಲಾಗುವುದು ತಮ್ಮ ಕೈಯಲ್ಲಿಲ್ಲ ಎಂದರು. ಇರಲಿ. ಮುಂದಿನ ವಾರದಿಂದ ಬೀದಿಯ ಇನ್ನೂ ಮೂರು ಮಕ್ಕಳು ರಜಾದಿನಗಳಲ್ಲಿ ನಮ್ಮ ಜೊತೆ ಗೋಡೆ ನೋಡಲು ಬರುತ್ತಾರೆ, ತಂತಮ್ಮ ಪುಸ್ತಕ ಹಿಡಿದುಕೊಂಡು.

ಕೆಳಗಿನದನ್ನು ಅವಳೇ ಬರೆದಿದ್ದಾಳೆ. ಅಂಚು ಬಿಟ್ಟಿದ್ದಾಳೆ, ನೋಡಿ.

ನಿಮ್ಮ ಮಗಳು

ದೊಡ್ಡಜ್ಜಾ,

ಕಲ್ಲಿನ ಮೇಲೆ ಹುಳ ಸರಿಯಾಗಿದೆ ಅಂತ ಅಮ್ಮ ಓದಿ ಹೇಳಿದಳು. ನಾನು ನೋಡಿಲ್ಲ. ನೋಡದೆ ಸರಿ ಅಂತ ಹಾಕಲ್ಲ. ನೀವೇ ಕಲ್ಲು ತಗೊಂಡು ಬನ್ನಿ. ದೊಡ್ಡಜ್ಜಿನೂ ಬರಲಿ. ಗೋಡೆ ಹತ್ತಿರ ಇಟ್ಟು ಎರಡನ್ನೂ ಒಟ್ಟಿಗೆ ನೋಡೋಣ.

ಕಲ್ಲು ಎಷ್ಟು ಭಾರ? ಅದಕ್ಕೆ ಶಾಯಿ ಹೇಗೆ ಅಂಟತ್ತೆ? ಅಷ್ಟು ವರ್ಷ ನೀರು ಬಿದ್ದರೂ ಚಿತ್ರ ಯಾಕೆ ಅಳಿಸಿಹೋಗಲಿಲ್ಲ? ಅಮ್ಮ ಚಿಕ್ಕವಳಿದ್ದಾಗ ಕೇಳಿದಾಗ ಹೂಂ ಅಂದಿದ್ದರೆ ನಿಮಗೆ ಏನಾಗ್ತಿತ್ತು?

ಎಲ್ಲಾದಕ್ಕೂ ಉತ್ತರ ಬರೆಯಿರಿ. ಕೆಂಪು ಶಾಯಿ ಬೇಡ.